ಘಾಟಿ ಇಳಿಯುವ ಹಳೇ ಲಾರಿಗೆ ಯಾವ ಬ್ರೇಕ್? ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಬ್ರೇಕ್ ವಿಷಯವೇ ಜಾಸ್ತಿ. ಕಾಫಿ ಕೊಯ್ಲು ಮುಗಿದು ಮೂಟೆ ಸಾಗಿಸುವ ಕಾಲ ಇದು, ಅದರ ಬೆನ್ನಿಗೇ ಮಳೆಗಾಲ. ಹಾಗಾಗಿ ಟೈರು, ಬ್ಯಾಟರಿ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಇಟ್ಟುಕೊಂಡು ಇಲ್ಲಿ ಬ್ರೇಕ್ ಬಗ್ಗೆ ಮಾತ್ರ ಬರೆಯುತ್ತೇನೆ. ಮೊದಲ ಉತ್ತರ ಉದ್ದ ಇದೆ. ಉಳಿದವರ ಪ್ರಶ್ನೆಗಳಿಗೂ ಅದರಲ್ಲಿ ಅರ್ಧ ಉತ್ತರ ಸಿಗುತ್ತದೆ, ದಯವಿಟ್ಟು ಓದಿ.

ಪ್ರಶ್ನೆ: ನಮ್ಮದು 1990ರ ದಶಕದ ಆರು ಚಕ್ರದ ಲಾರಿ. ಏರ್ ಸಹಾಯ ಇರುವ ಆಯಿಲ್ ಬ್ರೇಕ್. ಸಿಲ್ವರ್ ಓಕ್ ಮರ, ಕಾಫಿ ಮೂಟೆ ಹೇರಿಕೊಂಡು ಸಂಪಾಜೆ ಮೇಲೆ ಮಂಗಳೂರಿಗೆ ಹೋಗುತ್ತದೆ. ಜೋಡುಪಾಲಕ್ಕೆ ಬರುವಷ್ಟರಲ್ಲಿ ಲೈನರ್ ಸುಟ್ಟ ವಾಸನೆ ಬರುತ್ತದೆ. ಕೊಯನಾಡು ಹೊತ್ತಿಗೆ ಪೆಡಲ್ ಮೆತ್ತಗಾಗಿ ಕೆಳಗೆ ಹೋಗುತ್ತದೆ. ಗುಜರಿಯಿಂದ ಫುಲ್ ಏರ್ ಬ್ರೇಕ್ ತಂದು ಹಾಕಿಸೋಣ ಅಂತ ಅಣ್ಣ ಹೇಳುತ್ತಾರೆ. ಹಿಂದಿನ ಚಕ್ರಗಳಿಗೆ ದೊಡ್ಡ ವೀಲ್ ಸಿಲಿಂಡರ್ ಹಾಕಿದರೆ ಸಾಕು ಅನ್ನುವುದು ಗ್ಯಾರೇಜಿನವರ ಮಾತು. ಯಾವುದು ಸರಿ? (ಸೋಮವಾರಪೇಟೆಯ ಓದುಗರು)

ಉತ್ತರ: ಮೊದಲು ಒಂದು ಮಾತು. ಪೆಡಲ್ ಮೆತ್ತಗಾಗುವುದು ನಿಲ್ಲುವವರೆಗೆ ಆ ಲಾರಿಯನ್ನು ಲೋಡು ಹಾಕಿ ಘಾಟಿ ಇಳಿಸಬೇಡಿ. ಬಾಡಿಗೆ ಹೋದರೆ ಹೋಗಲಿ. ನೀವು ಬರೆದಿರುವುದು ಬ್ರೇಕ್ ಫೇಲ್ ಆಗುವ ಮುಂಚಿನ ಕೊನೆಯ ಲಕ್ಷಣ.

ಚಕ್ರದ ಜೊತೆ ತಿರುಗುವ ಕಬ್ಬಿಣದ ಬಟ್ಟಲು ಡ್ರಮ್. ಬ್ರೇಕ್ ತುಳಿದಾಗ ಅದರ ಒಳಮೈಗೆ ಒತ್ತುವ ಕಮಾನು ಶೂ, ಶೂ ಮೇಲಿನ ಉಜ್ಜುವ ಪಟ್ಟಿ ಲೈನರ್. ಘಾಟಿಯಲ್ಲಿ ಬ್ರೇಕ್ ಕೈಕೊಡುವುದು ಎರಡು ಬಗೆಯಲ್ಲಿ. ಪೆಡಲ್ ಗಟ್ಟಿಯಾಗಿಯೇ ಇದ್ದು, ಎಷ್ಟು ತುಳಿದರೂ ಲಾರಿ ನಿಲ್ಲದಿದ್ದರೆ ಲೈನರ್ ಕಾದು ಹಿಡಿತ ಬಿಟ್ಟಿದೆ ಅಂತ ಅರ್ಥ. ಪೆಡಲ್ಲೇ ಮೆತ್ತಗಾಗಿ ಕೆಳಗೆ ಇಳಿದರೆ ಪೈಪಿನೊಳಗೆ ಬ್ರೇಕ್ ಆಯಿಲ್ ಕುದಿದು ಆವಿ ಆಗಿದೆ. ಆಯಿಲನ್ನು ಒತ್ತಿದರೆ ಅದು ಕುಗ್ಗುವುದಿಲ್ಲ, ಆದರೆ ಆವಿ ಕುಗ್ಗುತ್ತದೆ, ಅದಕ್ಕೇ ನಿಮ್ಮ ಕಾಲಿನ ಬಲ ಚಕ್ರದವರೆಗೆ ಮುಟ್ಟುವುದೇ ಇಲ್ಲ. ನಿಮ್ಮ ಲಾರಿಯಲ್ಲಿ ಎರಡೂ ಒಟ್ಟಿಗೆ ಶುರುವಾಗಿವೆ. ವಾಸನೆ ಲೈನರಿನದು, ಮೆತ್ತಗಿನ ಪೆಡಲ್ ಆಯಿಲಿನದು.

ಎರಡಕ್ಕೂ ಕಾರಣ ಶಾಖ. ಮಡಿಕೇರಿ ಇರುವುದು ಸಮುದ್ರ ಮಟ್ಟದಿಂದ ಸುಮಾರು 1,170 ಮೀಟರ್ ಎತ್ತರದಲ್ಲಿ. ಸಂಪಾಜೆ ಮುಟ್ಟುವ ಹೊತ್ತಿಗೆ ನೀವು ಹೆಚ್ಚುಕಡಿಮೆ ಒಂದು ಕಿಲೋಮೀಟರ್ ಕೆಳಗೆ ಬಂದಿರುತ್ತೀರಿ. 16 ಟನ್ ತೂಕ ಒಂದು ಕಿಲೋಮೀಟರ್ ಕೆಳಗೆ ಇಳಿಯುವಾಗ ಹುಟ್ಟುವ ಶಕ್ತಿಯಲ್ಲಿ ಸುಮಾರು 500 ಲೀಟರ್ ತಣ್ಣೀರನ್ನು ಕುದಿಯುವ ಹಂತಕ್ಕೆ ತರಬಹುದು. ಅಷ್ಟೂ ಶಾಖ ಎಲ್ಲಾದರೂ ಹೋಗಲೇಬೇಕು ಅಲ್ವಾ? ಸ್ವಲ್ಪ ಟೈರಿಗೆ, ಗಾಳಿಗೆ ಹೋಗುತ್ತದೆ. ಉಳಿದದ್ದನ್ನು ಒಂದೋ ಎಂಜಿನ್ ತಿನ್ನಬೇಕು, ಇಲ್ಲವೇ ಡ್ರಮ್ ತಿನ್ನಬೇಕು. ಎಂಜಿನ್‌ಗೆ ರೇಡಿಯೇಟರ್ ಇದೆ, ಫ್ಯಾನ್ ಇದೆ, ಹೊಗೆ ಕೊಳವೆ ಇದೆ. ಡ್ರಮ್ಮಿಗೆ ಇವು ಯಾವುವೂ ಇಲ್ಲ. ಹಿಂದೆ ಜೋಡಿ ಟೈರಿನ ಒಳಗೆ ಅದಕ್ಕೆ ಗಾಳಿ ಆಡುವುದೂ ಕಡಿಮೆ.

ಈಗ ದೊಡ್ಡ ವೀಲ್ ಸಿಲಿಂಡರ್, ಅಂದರೆ ಚಕ್ರದ ಹತ್ತಿರ ಆಯಿಲ್ ಒತ್ತಡದಿಂದ ಶೂ ದೂಡುವ ಭಾಗದ ಬಗ್ಗೆ. ದಯವಿಟ್ಟು ಬೇಡ. ಸಿಲಿಂಡರ್ ದೊಡ್ಡದಾದರೆ ಶೂ ಒತ್ತುವ ಬಲ ಹೆಚ್ಚುತ್ತದೆ ನಿಜ, ಆದರೆ ಅದನ್ನು ತುಂಬಲು ಆಯಿಲೂ ಜಾಸ್ತಿ ಬೇಕು. ಪೆಡಲ್ ತುಳಿದಾಗ ಆಯಿಲ್ ದೂಡುವ ಮಾಸ್ಟರ್ ಸಿಲಿಂಡರ್ ಹಳೆಯದೇ ಇರುವುದರಿಂದ ಪೆಡಲ್ ಇನ್ನೂ ಕೆಳಗೆ ಹೋಗುತ್ತದೆ. ನಿಮ್ಮ ತೊಂದರೆಯೇ ಪೆಡಲ್ ಕೆಳಗೆ ಹೋಗುವುದು. ಇನ್ನೊಂದು ಅಪಾಯವೂ ಇದೆ. ಮುಂದಿನ ಬ್ರೇಕ್ ಹಾಗೇ ಇದ್ದು ಹಿಂದಿನದು ಮಾತ್ರ ಬಲವಾದರೆ, ಖಾಲಿ ಲಾರಿ ಮಳೆಯಲ್ಲಿ ತಿರುವಿನಲ್ಲಿ ಬ್ರೇಕ್ ಹಿಡಿದಾಗ ಹಿಂದಿನ ಚಕ್ರ ಲಾಕ್ ಆಗಿ ಬಾಲ ಹೊರಗೆ ಎಳೆಯುತ್ತದೆ. ಆ ರಸ್ತೆಯ ಒಂದು ಬದಿ ಏನಿದೆ ಅಂತ ನಿಮಗೇ ಗೊತ್ತು. ಮುಂದೆ ಹಿಂದೆ ಬ್ರೇಕ್ ಎಷ್ಟೆಷ್ಟು ಹಿಡಿಯಬೇಕು ಅನ್ನುವ ಲೆಕ್ಕ ತಯಾರಿಸಿದ ಕಂಪನಿಯದು, ಒಂದು ಕಡೆ ಮಾತ್ರ ಕೈ ಹಾಕಿದರೆ ಆ ಲೆಕ್ಕ ಕೆಡುತ್ತದೆ.

ಫುಲ್ ಏರ್ ಬ್ರೇಕ್ ಒಳ್ಳೆಯದೇ, ಅಣ್ಣ ಹೇಳುವುದರಲ್ಲಿ ಅರ್ಥ ಇದೆ. ಅದರಲ್ಲಿ ಶೂ ಒತ್ತಿಸುವುದು ಏರ್ ಒತ್ತಡವೇ. ಆಯಿಲ್ ಇಲ್ಲ, ಕುದಿಯುವ ಮಾತೂ ಇಲ್ಲ. ಆದರೆ ಒಂದು ವಿಷಯ ಗಮನಿಸಿ. ಡ್ರಮ್ಮಿನ ಅಳತೆ ಅಷ್ಟೇ ಇದ್ದರೆ ಅದು ತಡೆದುಕೊಳ್ಳುವ ಶಾಖವೂ ಅಷ್ಟೇ. ಫುಲ್ ಏರ್ ಹಾಕಿಸಿ, ಹಳೆಯ ಹಾಗೆಯೇ ಬ್ರೇಕ್ ತುಳಿದುಕೊಂಡೇ ಇಳಿದರೆ ಪೆಡಲ್ ಮೆತ್ತಗಾಗುವುದಿಲ್ಲ ಅಷ್ಟೇ, ಲೈನರ್ ಮಾತ್ರ ಹಾಗೆಯೇ ಸುಡುತ್ತದೆ. ಡ್ರಮ್ 300 ಡಿಗ್ರಿ ಸೆಲ್ಸಿಯಸ್ ದಾಟಿದ ಮೇಲೆ ಬಹಳಷ್ಟು ಲೈನರ್‌ಗಳ ಹಿಡಿತ ಇಳಿಯುತ್ತಾ ಹೋಗುತ್ತದೆ. ಯಾವ ಬಲದಿಂದ ಒತ್ತಿದರೂ ಇದು ತಪ್ಪುವುದಿಲ್ಲ.

ಹಾಗಾಗಿ ನನ್ನ ಸಲಹೆ, ದುಡ್ಡನ್ನು ಈ ಕ್ರಮದಲ್ಲಿ ಖರ್ಚು ಮಾಡಿ. ಮೊದಲು ಈಗ ಇರುವ ಬ್ರೇಕನ್ನೇ ಹೊಸದರ ಹಾಗೆ ಮಾಡಿಸಿ. ನಾಲ್ಕೂ ಕಡೆ ಡ್ರಮ್ ಬಿಚ್ಚಿಸಿ ನೀವೇ ನಿಂತು ನೋಡಿ. ಡ್ರಮ್ಮಿನ ಒಳಗೆ ಸಣ್ಣ ಕೂದಲೆಳೆಯಂಥ ಗೆರೆಗಳಿದ್ದರೆ ಅವು ಕಾದ ಗುರುತು. ಗೆರೆ ಅಂಚಿನವರೆಗೆ ಹೋಗಿದ್ದರೆ ಅಥವಾ ಉಗುರು ಸಿಕ್ಕುವಷ್ಟು ಆಳ ಇದ್ದರೆ ಆ ಡ್ರಮ್ ಗುಜರಿಗೆ. ಲೇತ್‌ನಲ್ಲಿ ಟರ್ನ್ ಮಾಡಿಸುವುದಕ್ಕೂ ಮಿತಿ ಇದೆ, ಎಷ್ಟು ಅಗಲದವರೆಗೆ ಅಂತ ಡ್ರಮ್ ಮೇಲೆಯೇ ಒತ್ತಿರುತ್ತಾರೆ. ಟರ್ನ್ ಮಾಡಿ ಮಾಡಿ ತೆಳುವಾದ ಡ್ರಮ್ ಇನ್ನೂ ಬೇಗ ಕಾಯುತ್ತದೆ, ಘಾಟಿ ಲಾರಿಗೆ ಅದು ಲಾಭದ ಮಾತಲ್ಲ. ಒಂದು ಕಡೆ ಡ್ರಮ್ ಬದಲಿಸಿದರೆ ಅದೇ ಆಕ್ಸಲ್‌ನ ಇನ್ನೊಂದು ಕಡೆಯೂ ಬದಲಿಸಿ, ಲೈನರೂ ಹಾಗೆಯೇ. ಬೇರೆ ಬೇರೆ ಕಂಪನಿಯ ಲೈನರ್ ಎಡಕ್ಕೊಂದು ಬಲಕ್ಕೊಂದು ಹಾಕಿದರೆ ಲಾರಿ ಒಂದು ಕಡೆಗೆ ಎಳೆಯುತ್ತದೆ. ಬಿಚ್ಚುವಾಗ ಆ ಪುಡಿಯನ್ನು ಏರ್ ಹೊಡೆದು ಹಾರಿಸುವ ಅಭ್ಯಾಸ ಇದೆಯಲ್ಲ, ಅದನ್ನು ನಿಲ್ಲಿಸಿ. ಹಳೆಯ ಲೈನರಿನಲ್ಲಿ ಆಸ್ಬೆಸ್ಟಾಸ್ ಇರಬಹುದು, ಅದು ಶ್ವಾಸಕೋಶಕ್ಕೆ ಹೋಗುತ್ತದೆ. ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಸಾಕು.

ಆಮೇಲೆ ಬ್ರೇಕ್ ಆಯಿಲ್ ಪೂರ್ತಿ ಬದಲಿಸಿ. ಕೊಡಗಿನಲ್ಲಿ ಇದು ತುಂಬಾ ಮುಖ್ಯ. ಬ್ರೇಕ್ ಆಯಿಲ್ ಗಾಳಿಯಲ್ಲಿನ ತೇವವನ್ನು ತಾನಾಗಿ ಎಳೆದುಕೊಳ್ಳುತ್ತದೆ, ನಮ್ಮಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಳಿಯಲ್ಲಿ ತೇವ ಬಿಟ್ಟು ಬೇರೆ ಏನಿರುತ್ತದೆ ಹೇಳಿ. ಡಾಟ್ 3 ದರ್ಜೆಯ ಆಯಿಲ್ ಹೊಸದಿದ್ದಾಗ ಕನಿಷ್ಠ 205 ಡಿಗ್ರಿವರೆಗೆ ಕುದಿಯಬಾರದು ಅನ್ನುವುದು ನಿಯಮ. ತೇವ ಹಿಡಿದ ಮೇಲೆ ಆ ಮಿತಿ 140ಕ್ಕೆ ಇಳಿಯುತ್ತದೆ. ಡಾಟ್ 4ಕ್ಕೆ ಇದೇ ಲೆಕ್ಕ 230 ಮತ್ತು 155. ನಿಮ್ಮ ಲಾರಿಯ ಸೀಲ್‌ಗೆ ಡಾಟ್ 4 ಆಗುತ್ತದಾ ಅಂತ ಪಾರ್ಟ್ಸ್ ಅಂಗಡಿಯಲ್ಲಿ ಅಲ್ಲ, ಕಂಪನಿಯ ಸರ್ವಿಸ್‌ನವರ ಹತ್ತಿರ ಕೇಳಿಕೊಂಡು ಅದನ್ನೇ ಹಾಕಿ. ವರ್ಷಕ್ಕೊಮ್ಮೆ, ಮಳೆ ಮುಗಿದ ಮೇಲೆ ಕೊಯ್ಲಿಗೆ ಮುಂಚೆ, ಪೂರ್ತಿ ತೆಗೆದು ಹೊಸದು ತುಂಬಿಸಿ. ಕಡಿಮೆ ಆಯಿತು ಅಂತ ಎಂಜಿನ್ ಆಯಿಲನ್ನೋ ಬೇರೆ ಯಾವುದೋ ಎಣ್ಣೆಯನ್ನೋ ಒಂದು ಹನಿ ಕೂಡ ಸೇರಿಸಬೇಡಿ, ರಬ್ಬರ್ ಕಪ್‌ಗಳು ಉಬ್ಬಿ ಹಾಳಾಗುತ್ತವೆ.

ಇಷ್ಟರಲ್ಲಿ ಒಂದನ್ನು ಪರೀಕ್ಷಿಸಿ. ನಿಮ್ಮ ಮಾಸ್ಟರ್ ಸಿಲಿಂಡರ್ ಒಂದೇ ಲೈನಿನದಾ, ಎರಡು ಲೈನಿನದಾ? ಒಂದೇ ಲೈನ್ ಇದ್ದರೆ ಎಲ್ಲಾದರೂ ಒಂದು ಹೋಸ್ ಒಡೆದರೆ ನಾಲ್ಕೂ ಚಕ್ರದ ಬ್ರೇಕ್ ಒಟ್ಟಿಗೆ ಹೋಗುತ್ತದೆ. ಮುಂದಿನದು ಬೇರೆ, ಹಿಂದಿನದು ಬೇರೆ ಲೈನ್ ಇರುವ ಮಾಸ್ಟರ್ ಸಿಲಿಂಡರ್ ಮತ್ತು ಅದಕ್ಕೆ ಸರಿಹೊಂದುವ ಬೂಸ್ಟರ್ (ಏರ್ ಸಹಾಯ ಕೊಡುವ ಭಾಗ) ನಿಮ್ಮ ಮಾಡೆಲ್‌ನ ನಂತರದ ಗಾಡಿಗಳಲ್ಲಿ ಬಂದಿದ್ದರೆ ಅದನ್ನೇ ಹುಡುಕಿ. ಹಳೇ ಲಾರಿಗೆ ಮಾಡಿಸಬಹುದಾದ ಅಪ್‌ಗ್ರೇಡ್‌ಗಳಲ್ಲಿ ಜೀವ ಉಳಿಸುವಂಥದ್ದು ಇದು.

ಮೂರನೆಯದು ಎಕ್ಸಾಸ್ಟ್ ಬ್ರೇಕ್. ನನ್ನ ಪ್ರಕಾರ ನೀವು ಕೇಳಬೇಕಿದ್ದ ಪ್ರಶ್ನೆಯೇ ಇದು. ಹೊಗೆ ಕೊಳವೆಯೊಳಗೆ ಒಂದು ಮುಚ್ಚಳ, ಗುಂಡಿ ಒತ್ತಿದರೆ ಏರ್ ಬಂದು ಅದನ್ನು ಮುಚ್ಚುತ್ತದೆ, ಅದೇ ಹೊತ್ತಿಗೆ ಡೀಸೆಲ್ ಬಂದ್ ಆಗುತ್ತದೆ. ಹೊರಗೆ ಹೋಗಲಾರದ ಗಾಳಿಯನ್ನು ಪಿಸ್ಟನ್‌ಗಳು ಒತ್ತುತ್ತಾ ಇರಬೇಕಾಗುತ್ತದೆ, ಅದು ಚಕ್ರವನ್ನು ಹಿಡಿದಿಡುತ್ತದೆ. ಇಲ್ಲಿ ಲೈನರ್ ಸವೆಯುವುದಿಲ್ಲ, ಡ್ರಮ್ ಕಾಯುವುದಿಲ್ಲ, ಶಾಖ ಎಂಜಿನ್ ಮೂಲಕ ಹೋಗುತ್ತದೆ. ಚಿಕ್ಕ ಗೇರಿನಲ್ಲಿ, ಎಂಜಿನ್ ಸ್ವಲ್ಪ ಜೋರಾಗಿ ತಿರುಗುವಾಗ ಇದರ ಹಿಡಿತ ಜಾಸ್ತಿ. ದೊಡ್ಡ ಗೇರಿನಲ್ಲಿ ಒತ್ತಿ ಏನೂ ಪ್ರಯೋಜನವಿಲ್ಲ ಅನ್ನುವವರು ಗೇರ್ ಇಳಿಸಿರುವುದಿಲ್ಲ. ನಿಮ್ಮ ಎಂಜಿನ್‌ಗೆ ಹೊಂದುವ ಕಿಟ್ ಮಾತ್ರ ಹಾಕಿಸಿ, ಸುಮ್ನೆ ಯಾವುದೋ ಲಾರಿಯದು ತಂದು ವೆಲ್ಡ್ ಮಾಡಿಸಬೇಡಿ. ಒತ್ತಡ ಮಿತಿ ಮೀರಿದರೆ ವಾಲ್ವ್ ಸ್ಪ್ರಿಂಗ್‌ಗೆ ಪೆಟ್ಟು. ಇದು ಹಿಂದಿನ ಚಕ್ರಗಳನ್ನು ಮಾತ್ರ ಹಿಡಿಯುವುದು ಅನ್ನುವುದು ನೆನಪಿರಲಿ, ಖಾಲಿ ಲಾರಿಯಲ್ಲಿ ಜಾರುವ ರಸ್ತೆಯಲ್ಲಿ ಬಿಗಿ ತಿರುವಿನ ಮಧ್ಯೆ ಒತ್ತಬಾರದು.

ಇಷ್ಟಾದ ಮೇಲೂ ಫುಲ್ ಏರ್ ಬೇಕು ಅನ್ನಿಸಿದರೆ ಬಿಡಿ ಬಿಡಿ ಸಾಮಾನು ಕೂಡಿಸುವ ದಾರಿ ಬೇಡ. ತಿರುಗಿ ಶೂ ಅಗಲಿಸುವ ಕ್ಯಾಮ್ ಶಾಫ್ಟು, ಅದರ ಬ್ರಾಕೆಟ್ಟು, ಶೂ, ಬೂಸ್ಟರು (ಫುಲ್ ಏರ್‌ನಲ್ಲಿ ಇದು ಏರ್ ತುಂಬಿ ರಾಡು ದೂಡುವ ಡಬ್ಬಿ), ದೊಡ್ಡ ಕಂಪ್ರೆಸರ್, ಎರಡು ಮೂರು ಟ್ಯಾಂಕು, ಎರಡು ಲೈನಿನ ಪೆಡಲ್ ವಾಲ್ವು, ಒಂದು ಲೈನ್ ಒಡೆದರೆ ಇನ್ನೊಂದನ್ನು ಉಳಿಸುವ ಪ್ರೊಟೆಕ್ಷನ್ ವಾಲ್ವು, ಎಲ್ಲವೂ ಒಂದಕ್ಕೊಂದು ಲೆಕ್ಕ ಹಾಕಿ ಮಾಡಿದವು. ಅದೇ ಕಂಪನಿಯ ಅದೇ ತೂಕದ ಫುಲ್ ಏರ್ ಮಾಡೆಲ್‌ನ ಮುಂದಿನ ಮತ್ತು ಹಿಂದಿನ ಆಕ್ಸಲ್ ಪೂರ್ತಿಯಾಗಿ ಸಿಕ್ಕಿದರೆ ಮಾತ್ರ ಯೋಚಿಸಿ. ಆಕ್ಸಲ್ ಗುಜರಿಯಿಂದ ಬರಬಹುದು. ವಾಲ್ವು, ಹೋಸು, ಬೂಸ್ಟರಿನ ರಬ್ಬರ್ ಮಾತ್ರ ಹೊಸದೇ ಆಗಬೇಕು. ಖರ್ಚು ಲಾರಿಯ ಬೆಲೆಯ ಹತ್ತಿರ ಬಂದರೆ ಆಶ್ಚರ್ಯವಿಲ್ಲ, ಆಗ ಅಣ್ಣನ ಜೊತೆ ಕೂತು ಬೇರೆ ಲಾರಿಯ ಬಗ್ಗೆಯೇ ಮಾತಾಡುವುದು ಒಳ್ಳೆಯದು.

ಪ್ರಶ್ನೆ: ನಮ್ಮ ಲಾರಿ ಫುಲ್ ಏರ್. ಗೇಜಿನಲ್ಲಿ 8 ಕೆಜಿ ತೋರಿಸುತ್ತದೆ, ಆದರೂ ಇಳಿಜಾರಿನಲ್ಲಿ ಬ್ರೇಕ್ ಕಡಿಮೆ ಅನ್ನಿಸುತ್ತದೆ. ಮೆಕ್ಯಾನಿಕ್ ಬಂದು ಸ್ಲ್ಯಾಕ್ ಟೈಟ್ ಮಾಡಿದರೆ ಒಂದು ವಾರ ಚೆನ್ನಾಗಿರುತ್ತದೆ. ಆಟೋಮ್ಯಾಟಿಕ್ ಸ್ಲ್ಯಾಕ್ ಅಡ್ಜಸ್ಟರ್ ಹಾಕಿಸಬಹುದಾ? (ಸುಂಟಿಕೊಪ್ಪದ ಓದುಗರು)

ಉತ್ತರ: ಹಾಕಿಸಬಹುದು, ಹಾಕಿಸಿ. ಆದರೆ ಯಾಕೆ ಅಂತ ತಿಳಿದುಕೊಂಡು ಹಾಕಿಸಿ. ಸ್ಲ್ಯಾಕ್ ಅಡ್ಜಸ್ಟರ್ ಅಂದರೆ ಬೂಸ್ಟರಿನ ರಾಡನ್ನು ಕ್ಯಾಮ್ ಶಾಫ್ಟಿಗೆ ಜೋಡಿಸುವ ತೋಳು, ಶೂಗೂ ಡ್ರಮ್ಮಿಗೂ ಇರುವ ಅಂತರ ಸರಿ ಮಾಡುವುದು ಅದರಲ್ಲೇ.

ಗೇಜಿನಲ್ಲಿ 8 ಕೆಜಿ (ಚದರ ಸೆಂಟಿಮೀಟರಿಗೆ) ಒತ್ತಡ ಇದ್ದರೆ ಟ್ಯಾಂಕಿನಲ್ಲಿ ಏರ್ ಇದೆ ಅಂತ ಮಾತ್ರ ಅರ್ಥ. ಬೂಸ್ಟರಿನ ರಾಡು ಎಷ್ಟು ಉದ್ದ ಹೊರಗೆ ಬಂದು ಶೂ ಮುಟ್ಟುತ್ತದೆ ಅನ್ನುವುದು ಬೇರೆ ವಿಷಯ. 30ರ ಸೈಜಿನ ಬೂಸ್ಟರ್‌ನಲ್ಲಿ ರಾಡು ಹೆಚ್ಚೆಂದರೆ ಸುಮಾರು 64 ಮಿಲಿಮೀಟರ್ ಚಲಿಸುತ್ತದೆ. ತಣ್ಣಗಿರುವಾಗಲೇ ಅದು 51 ಮಿಲಿಮೀಟರ್ ದಾಟಿದರೆ ಅಡ್ಜಸ್ಟ್ ಮಾಡಲೇಬೇಕು ಅನ್ನುವುದು ಲೆಕ್ಕ. ಇನ್ನೂ 13 ಮಿಲಿಮೀಟರ್ ಇದೆಯಲ್ಲ ಅಂತ ಅನ್ನಿಸಬಹುದು. ಆ 13 ಮಿಲಿಮೀಟರನ್ನು ಘಾಟಿಯೇ ತಿನ್ನುತ್ತದೆ. ಎರಕದ ಕಬ್ಬಿಣದ ಡ್ರಮ್ 410 ಮಿಲಿಮೀಟರ್ ಅಗಲದ್ದಾದರೆ, 300 ಡಿಗ್ರಿ ಜಾಸ್ತಿ ಕಾದಾಗ ಅದು ಒಂದೂಕಾಲು ಮಿಲಿಮೀಟರಿಗೂ ಹೆಚ್ಚು ಹಿಗ್ಗುತ್ತದೆ. ಅಂದರೆ ಶೂನಿಂದ ದೂರ ಹೋಗುತ್ತದೆ. ಶೂ ಹತ್ತಿರದ ಸಣ್ಣ ಅಂತರ ರಾಡಿನ ಹತ್ತಿರ ಹತ್ತು ಪಟ್ಟಿಗೂ ಮಿಕ್ಕಿ ದೊಡ್ಡದಾಗುತ್ತದೆ. ಮಡಿಕೇರಿ ಬಸ್ ಸ್ಟ್ಯಾಂಡ್ ಹತ್ತಿರ ಚೆನ್ನಾಗಿ ಹಿಡಿದ ಬ್ರೇಕ್ ಮದೆನಾಡು ದಾಟಿದ ಮೇಲೆ ಹಿಡಿಯದೇ ಇರುವುದು ಹೀಗೆ. ರಾಡು ಬೂಸ್ಟರಿನ ತುದಿಗೆ ಮುಟ್ಟಿ ನಿಂತಿರುತ್ತದೆ, ನೀವು ಎಷ್ಟು ತುಳಿದರೂ ಶೂಗೆ ಬಲ ಹೋಗುವುದಿಲ್ಲ.

ಆಟೋಮ್ಯಾಟಿಕ್ ಅಡ್ಜಸ್ಟರ್ ಲೈನರ್ ಸವೆದ ಹಾಗೆ ತಾನೇ ಅಂತರ ಸರಿ ಮಾಡಿಕೊಳ್ಳುತ್ತದೆ. ಹಳೆಯದರ ತೋಳಿನ ಉದ್ದ ಎಷ್ಟಿತ್ತೋ ಅಷ್ಟೇ ಉದ್ದದ್ದು ತನ್ನಿ, ಕ್ಯಾಮ್ ಶಾಫ್ಟಿನ ಹಲ್ಲುಗಳ ಎಣಿಕೆ ಹೊಂದಬೇಕು, ಒಂದು ಆಕ್ಸಲ್‌ನ ಎರಡೂ ಕಡೆ ಒಟ್ಟಿಗೆ ಬದಲಿಸಬೇಕು. ಕ್ಯಾಮ್ ಬುಷ್ ಸವೆದು ಲಟಲಟ ಅನ್ನುತ್ತಿದ್ದರೆ ಮೊದಲು ಅದನ್ನು ಹಾಕಿಸಿ, ಇಲ್ಲದಿದ್ದರೆ ಹೊಸ ಅಡ್ಜಸ್ಟರ್‌ಗೆ ಲೆಕ್ಕ ತಪ್ಪುತ್ತದೆ. ಹಾಕಿಸಿದ ಮೇಲೆ ಕೆಲವರು ಅದನ್ನೂ ಸ್ಪ್ಯಾನರ್‌ನಲ್ಲಿ ಪದೇ ಪದೇ ತಿರುಗಿಸುತ್ತಾರೆ. ಬೇಡ. ಆಟೋಮ್ಯಾಟಿಕ್ ಇದ್ದೂ ರಾಡು ಜಾಸ್ತಿ ಹೊರಗೆ ಬರುತ್ತಿದ್ದರೆ ಬೇರೆ ಎಲ್ಲೋ ತೊಂದರೆ ಇದೆ, ಅದನ್ನು ಹುಡುಕಬೇಕು. ಗ್ರೀಸ್ ಮಾತ್ರ ತಪ್ಪಿಸಬೇಡಿ.

ಅಲ್ಲಿಯವರೆಗೆ ನೀವೇ ಅಳೆಯಬಹುದು. ಸಮತಟ್ಟು ಜಾಗದಲ್ಲಿ ಚಕ್ರಕ್ಕೆ ಅಡೆ ಕೊಟ್ಟು, ಹ್ಯಾಂಡ್ ಬ್ರೇಕ್ ಬಿಟ್ಟು, ಏರ್ 6 ಕೆಜಿಯಲ್ಲಿ ಇಟ್ಟುಕೊಂಡು ಎಂಜಿನ್ ಬಂದ್ ಮಾಡಿ. ರಾಡಿನ ಮೇಲೆ ಬೂಸ್ಟರಿನ ಬಾಯಿ ಹತ್ತಿರ ಸೀಮೆಸುಣ್ಣದಲ್ಲಿ ಗೆರೆ ಹಾಕಿ, ಇನ್ನೊಬ್ಬರು ಪೂರ್ತಿ ತುಳಿದು ಹಿಡಿಯಲಿ, ಗೆರೆ ಎಷ್ಟು ಮುಂದೆ ಹೋಯಿತು ಅಂತ ಅಳೆಯಿರಿ. ಇದೇ ಹೊತ್ತಿಗೆ ಇನ್ನೊಂದು ಪರೀಕ್ಷೆಯೂ ಆಗುತ್ತದೆ. ಪೆಡಲ್ ತುಳಿದೇ ಇರುವಾಗ ಗೇಜಿನ ಮುಳ್ಳು ಮೊದಲ ಸಲ ಸ್ವಲ್ಪ ಇಳಿದು ನಿಂತ ಮೇಲೆ, ಒಂದು ನಿಮಿಷಕ್ಕೆ 0.2 ಕೆಜಿಗಿಂತ ಜಾಸ್ತಿ ಇಳಿಯಬಾರದು. ಇಳಿದರೆ ಲೀಕ್ ಇದೆ, ಸೋಪು ನೀರು ಹಚ್ಚಿ ಹುಡುಕಿ.

ಪ್ರಶ್ನೆ: ಮಳೆಗಾಲದಲ್ಲಿ ನಮ್ಮ ಲಾರಿಯ ಏರ್ ಟ್ಯಾಂಕ್ ಬಿಚ್ಚಿದರೆ ಹಾಲಿನ ಬಣ್ಣದ ನೀರು ಬರುತ್ತದೆ. ಡ್ರೈವರ್ ಇದು ಮಾಮೂಲಿ ಅನ್ನುತ್ತಾರೆ. ಹೌದಾ? (ಭಾಗಮಂಡಲದ ಓದುಗರು)

ಉತ್ತರ: ನೀರು ಬರುವುದು ಮಾಮೂಲಿ, ಹಾಲಿನ ಬಣ್ಣ ಮಾಮೂಲಿ ಅಲ್ಲ. ಕಂಪ್ರೆಸರ್ ಹೊರಗಿನ ಗಾಳಿಯನ್ನು ಒತ್ತಿ ತುಂಬುವಾಗ ಅದರಲ್ಲಿನ ತೇವ ಟ್ಯಾಂಕಿನಲ್ಲಿ ನೀರಾಗಿ ನಿಲ್ಲುತ್ತದೆ. ನಿಮ್ಮ ಕಡೆ ಜುಲೈನಲ್ಲಿ ರಸ್ತೆ ಮೇಲೆಯೇ ನೀರು ನಿಲ್ಲುತ್ತದೆ, ಟ್ಯಾಂಕಿನಲ್ಲಿ ಬಾರದೇ ಇರುತ್ತದಾ. ಬಿಳಿ ಬಣ್ಣ ಬಂದಿರುವುದು ನೀರಿನ ಜೊತೆ ಎಂಜಿನ್ ಆಯಿಲ್ ಸೇರಿದ್ದಕ್ಕೆ. ಕಂಪ್ರೆಸರ್ ರಿಂಗ್ ಸವೆದು ಆಯಿಲ್ ದೂಡುತ್ತಿದೆ. ಆ ಆಯಿಲ್ ವಾಲ್ವುಗಳ ರಬ್ಬರನ್ನು ಕೆಡಿಸುತ್ತದೆ, ನೀರು ಟ್ಯಾಂಕನ್ನು ಒಳಗಿನಿಂದ ತುಕ್ಕು ಹಿಡಿಸುತ್ತದೆ. ನೀರು ತುಂಬಿದಷ್ಟೂ ಏರ್‌ಗೆ ಜಾಗ ಕಡಿಮೆ, ಅಂದರೆ ನಾಲ್ಕು ಸಲ ಬ್ರೇಕ್ ಹಿಡಿದರೆ ಸಾಕು, ಮುಳ್ಳು ಕೆಳಗೆ ಬರುತ್ತದೆ.

ಮೊದಲು ಕಂಪ್ರೆಸರ್ ರಿಪೇರಿ, ಆಮೇಲೆ ಏರ್ ಡ್ರೈಯರ್. ಈ ಕ್ರಮ ತಿರುವುಮುರುವು ಮಾಡಬೇಡಿ, ಆಯಿಲ್ ಬಂದರೆ ಡ್ರೈಯರ್‌ನೊಳಗಿನ ತೇವ ಹೀರುವ ಕಾಳುಗಳು ಸ್ವಲ್ಪ ದಿನದಲ್ಲೇ ಕೆಲಸಕ್ಕೆ ಬಾರದ ಹಾಗೆ ಆಗುತ್ತವೆ. ಡ್ರೈಯರ್ ಹಾಕಿಸಿದ ಮೇಲೂ ದಿನಾ ಸಂಜೆ ಟ್ಯಾಂಕಿನ ಡ್ರೈನ್ ಎಳೆಯುವುದನ್ನು ಬಿಡಬೇಡಿ. ನೀರು ಬಂದರೆ ಕಾರ್ಟ್ರಿಜ್ ಬದಲಿಸುವ ಕಾಲ ಬಂತು ಅಂತ ಗೊತ್ತಾಗುತ್ತದೆ.

ಮಳೆ ವಿಷಯ ಬಂದಿದ್ದಕ್ಕೆ ಇನ್ನೊಂದು ಮಾತು. ರಸ್ತೆ ಮೇಲೆ ನಿಂತ ನೀರಿನಲ್ಲಿ ಲಾರಿ ದಾಟಿಸಿದ ಮೇಲೆ ಲೈನರ್ ಒದ್ದೆಯಾಗಿ ಹಿಡಿತ ಇರುವುದಿಲ್ಲ. ಸ್ವಲ್ಪ ದೂರ ನಿಧಾನವಾಗಿ ಹೋಗುತ್ತಾ ಬ್ರೇಕನ್ನು ಹಗುರವಾಗಿ ತುಳಿದು ಒಣಗಿಸಿಕೊಳ್ಳಿ, ಆಮೇಲೆ ವೇಗ. ಇದರ ಉಲ್ಟಾ ತಪ್ಪೂ ನಡೆಯುತ್ತದೆ, ಹೊಗೆ ಬರುತ್ತಿರುವ ಡ್ರಮ್ಮಿಗೆ ಕ್ಲೀನರ್ ಕೊಡದಲ್ಲಿ ತೊರೆ ನೀರು ತಂದು ಸುರಿಯುತ್ತಾರೆ. ಕಾದ ಎರಕದ ಕಬ್ಬಿಣಕ್ಕೆ ತಣ್ಣೀರು ಬಿದ್ದರೆ ಬಿರುಕು ಬಿಡುತ್ತದೆ. ಅಗಲ ಇರುವ ಕಡೆ ನಿಲ್ಲಿಸಿ, ಚಕ್ರಕ್ಕೆ ಅಡೆ ಕೊಟ್ಟು, ಕಾಯಿರಿ. ಬೇರೆ ಉಪಾಯವಿಲ್ಲ.

ಪ್ರಶ್ನೆ: ನಾನು ಡ್ರೈವರ್. ಇಳಿಜಾರಿನಲ್ಲಿ ನ್ಯೂಟ್ರಲ್ ಮಾಡಿದರೆ ಡೀಸೆಲ್ ಉಳಿಯುತ್ತದೆ ಅಂತ ಸಾಹುಕಾರರು ಹೇಳುತ್ತಾರೆ. ನನಗೆ ಭಯ. ಅವರಿಗೆ ಹೇಗೆ ಹೇಳಲಿ? (ಗೋಣಿಕೊಪ್ಪದ ಓದುಗರು)

ಉತ್ತರ: ಈ ಪುಟವನ್ನೇ ಅವರಿಗೆ ತೋರಿಸಿ. ಸಾಹುಕಾರರೇ, ಡೀಸೆಲ್ ಲೆಕ್ಕದಲ್ಲೂ ಇದು ತಪ್ಪು. ಗೇರಿನಲ್ಲಿದ್ದು ಆಕ್ಸಿಲರೇಟರ್ ಬಿಟ್ಟಾಗ ಚಕ್ರವೇ ಎಂಜಿನ್ ತಿರುಗಿಸುತ್ತದೆ, ಪಂಪಿನ ಗವರ್ನರ್ ಡೀಸೆಲ್ ನಿಲ್ಲಿಸುತ್ತದೆ. ನ್ಯೂಟ್ರಲ್‌ನಲ್ಲಿ ಎಂಜಿನ್ ಆರದಿರಲು ಡೀಸೆಲ್ ಬೇಕೇ ಬೇಕು. ಅಂದರೆ ಉಳಿಯುವ ಬದಲು ಖರ್ಚು. ನ್ಯೂಟ್ರಲ್ ಆದ ಕೂಡಲೇ ಎಂಜಿನ್ ಹಿಡಿತ ಪೂರ್ತಿ ಹೋಗಿ ಎಲ್ಲ ಭಾರ ಡ್ರಮ್ ಮೇಲೆ ಬೀಳುತ್ತದೆ, ವೇಗ ಹೆಚ್ಚಿದ ಮೇಲೆ ಮತ್ತೆ ಚಿಕ್ಕ ಗೇರ್ ಹಾಕಲು ಹೋದರೆ ಬೀಳುವುದೇ ಇಲ್ಲ.

ನೀವು ಮಾಡಬೇಕಾದ್ದು, ಯಾವ ಗೇರಿನಲ್ಲಿ ಆ ಏರು ಹತ್ತುತ್ತೀರೋ ಅದೇ ಗೇರಿನಲ್ಲಿ, ಬೇಕಿದ್ದರೆ ಇನ್ನೊಂದು ಚಿಕ್ಕದರಲ್ಲಿ ಇಳಿಯಿರಿ. ಗೇರ್ ಬದಲಿಸುವುದು ಇಳಿಜಾರು ಶುರುವಾಗುವ ಮುಂಚೆ. ಬ್ರೇಕ್ ಮೇಲೆ ಕಾಲು ಇಟ್ಟುಕೊಂಡೇ ಇಳಿಯಬೇಡಿ. ವೇಗ 30 ದಾಟಿತು ಅನ್ನಿಸಿದಾಗ ಗಟ್ಟಿಯಾಗಿ ಹಿಡಿದು 20ಕ್ಕೆ ತಂದು ಪೂರ್ತಿ ಬಿಡಿ. ಬಿಟ್ಟ ಹೊತ್ತಿನಲ್ಲಿ ಡ್ರಮ್ಮಿಗೆ ಗಾಳಿ ಆಡುತ್ತದೆ. ಹೀಗೆ ಹಿಡಿದಾಗ ಎಲ್ಲ ಚಕ್ರಗಳೂ ಸಮನಾಗಿ ಕೆಲಸ ಮಾಡುತ್ತವೆ. ಹಗುರವಾಗಿ ತುಳಿದುಕೊಂಡೇ ಇದ್ದರೆ, ಯಾವ ಚಕ್ರದ ಅಡ್ಜಸ್ಟ್‌ಮೆಂಟ್ ಬಿಗಿಯಾಗಿದೆಯೋ ಅದೊಂದೇ ಎಲ್ಲ ಭಾರ ಹೊತ್ತು ಸುಡುತ್ತದೆ.

ನೀವು ಭಯ ಪಡುತ್ತಿರುವುದು ಸರಿಯಾಗಿಯೇ ಇದೆ. ನ್ಯೂಟ್ರಲ್ ಮಾಡಲು ಒಪ್ಪಬೇಡಿ.

ಪ್ರಶ್ನೆ: ಎಸ್ಟೇಟಿನೊಳಗೆ ಇಳಿಜಾರಿನಲ್ಲಿ ಲಾರಿ ನಿಲ್ಲಿಸಿ ಗೊಬ್ಬರ ಇಳಿಸುತ್ತೇವೆ. ಹ್ಯಾಂಡ್ ಬ್ರೇಕ್ ಲಿವರ್ ಎಳೆದರೂ ಲಾರಿ ಜರುಗುತ್ತದೆ, ಕೆಲಸದ ಹೆಂಗಸರು ಹಿಂದೆಯೇ ಇರುತ್ತಾರೆ, ನನಗೆ ಜೀವ ಹೋದ ಹಾಗಾಗುತ್ತದೆ. ಹೊಸ ಲಾರಿಗಳಲ್ಲಿರುವ ಏರ್ ಹ್ಯಾಂಡ್ ಬ್ರೇಕ್ ನಮ್ಮದಕ್ಕೆ ಆಗುತ್ತದಾ? ಲಾರಿ ಫುಲ್ ಏರ್. (ಪೊನ್ನಂಪೇಟೆಯ ಕಾಫಿ ಬೆಳೆಗಾರ ಮಹಿಳೆ)

ಉತ್ತರ: ಮೇಡಂ, ನಿಮ್ಮದು ಫುಲ್ ಏರ್ ಆಗಿರುವುದರಿಂದ ಆಗುತ್ತದೆ. ಹಿಂದಿನ ಎರಡು ಬೂಸ್ಟರ್ ತೆಗೆದು ಸ್ಪ್ರಿಂಗ್ ಇರುವ ಜೋಡಿ ಬೂಸ್ಟರ್ ಹಾಕುತ್ತಾರೆ. ಇದರಲ್ಲಿ ಬ್ರೇಕ್ ಹಿಡಿಯುವುದು ಏರ್ ಅಲ್ಲ, ಬಲವಾದ ಸ್ಪ್ರಿಂಗ್. ಏರ್ ಅದನ್ನು ಬಿಡಿಸಿ ಇಟ್ಟಿರುತ್ತದೆ. ಏರ್ ಖಾಲಿಯಾದರೆ ಬ್ರೇಕ್ ತಾನಾಗಿ ಹಿಡಿಯುತ್ತದೆ, ರಾತ್ರಿಯಿಡೀ ನಿಲ್ಲಿಸಿದರೂ ಬಿಡುವುದಿಲ್ಲ. ಲಿವರ್ ಮತ್ತು ವೈರಿನ ಬ್ರೇಕಿಗೂ ಇದಕ್ಕೂ ಹೋಲಿಕೆಯೇ ಇಲ್ಲ.

ಬೂಸ್ಟರ್ ಜೊತೆ ಕ್ಯಾಬಿನ್‌ನಲ್ಲಿ ಕೈ ವಾಲ್ವು, ಅದಕ್ಕೇ ಬೇರೆ ಏರ್ ಲೈನು, ಬೇಗ ಬಿಡಿಸುವ ವಾಲ್ವು, ಏರ್ ಕಡಿಮೆಯಾದರೆ ಕೂಗುವ ಬಜರ್ ಎಲ್ಲ ಬೇಕು. ಕಾಲಿನ ಬ್ರೇಕ್ ಮತ್ತು ಸ್ಪ್ರಿಂಗ್ ಎರಡೂ ಒಟ್ಟಿಗೆ ಬಲ ಹಾಕಿ ಕ್ಯಾಮ್ ಶಾಫ್ಟ್ ತಿರುಚಿಹೋಗದಂತೆ ತಡೆಯುವ ವಾಲ್ವನ್ನು ಮರೆಯದೆ ಹಾಕಿಸಿ, ಬಹಳ ಕಡೆ ಅದನ್ನೇ ಬಿಟ್ಟುಬಿಡುತ್ತಾರೆ. ಮತ್ತೊಂದನ್ನು ದೊಡ್ಡ ಅಕ್ಷರದಲ್ಲಿ ಬರೆದು ಶೆಡ್‌ನಲ್ಲಿ ಅಂಟಿಸಿ: ಸ್ಪ್ರಿಂಗ್ ಬೂಸ್ಟರನ್ನು ಯಾರೂ ಬಿಚ್ಚಬಾರದು. ಒಳಗಿನ ಸ್ಪ್ರಿಂಗ್ ಒಂದು ಟನ್ನಿನ ಆಸುಪಾಸಿನ ಒತ್ತಡದಲ್ಲಿ ಇರುತ್ತದೆ, ಪಟ್ಟಿ ಬಿಚ್ಚಿದರೆ ಸಿಡಿದು ಆಳನ್ನು ಕೊಲ್ಲಬಲ್ಲದು. ಏರ್ ಇಲ್ಲದಾಗ ಲಾರಿ ಎಳೆಯಬೇಕಾದರೆ ಹಿಂಭಾಗದ ಉದ್ದ ಬೋಲ್ಟ್ ಹಾಕಿ ಸ್ಪ್ರಿಂಗ್ ಹಿಂದಕ್ಕೆ ಎಳೆದು ಕಟ್ಟಬೇಕು. ಅದಕ್ಕೂ ಮುಂಚೆ ಚಕ್ರಕ್ಕೆ ಅಡೆ, ಯಾಕಂದರೆ ಆಮೇಲೆ ಲಾರಿಯನ್ನು ಹಿಡಿಯುವುದು ಏನೂ ಇರುವುದಿಲ್ಲ.

ಹೊಸದು ಹಾಕಿಸುವವರೆಗೆ ಇಳಿಜಾರಿನ ಕೆಳಬದಿಯಲ್ಲಿ ಯಾರನ್ನೂ ನಿಲ್ಲಿಸಬೇಡಿ. ಎರಡು ಚಕ್ರಕ್ಕೆ ಒಳ್ಳೆ ಮರದ ಅಡೆ, ಸ್ಟೇರಿಂಗ್ ಬದಿಯ ಮಣ್ಣಿನ ಬರೆಯ ಕಡೆಗೆ ತಿರುಗಿಸಿ, ಗೇರ್ ಹಾಕಿ ನಿಲ್ಲಿಸಲಿ. ಹಾಕಿಸಿದ ಮೇಲೂ ಅಡೆ ಬಿಡಬೇಡಿ.

ಪ್ರಶ್ನೆ: ಬ್ರೇಕ್ ಬದಲಿಸಿದರೆ ಎಫ್‌ಸಿಗೆ (ಫಿಟ್‌ನೆಸ್ ಸರ್ಟಿಫಿಕೇಟ್‌ಗೆ) ತೊಂದರೆ ಆಗುತ್ತದಾ? ಹಳೇ ಲಾರಿಗೆ ಎಬಿಎಸ್ ಹಾಕಬಹುದಾ? ಮಾಕುಟ್ಟ ದಾರಿಯಲ್ಲಿ ಕೇರಳಕ್ಕೆ ಓಡಾಟ. (ವಿರಾಜಪೇಟೆಯ ಓದುಗರು)

ಉತ್ತರ: ಲೈನರ್, ಡ್ರಮ್, ಅದೇ ಅಳತೆಯ ಆಟೋಮ್ಯಾಟಿಕ್ ಅಡ್ಜಸ್ಟರ್, ಏರ್ ಡ್ರೈಯರ್ ಇವೆಲ್ಲ ರಿಪೇರಿ ಸಾಲಿನವು. ಆಯಿಲ್ ಬ್ರೇಕಿನಿಂದ ಫುಲ್ ಏರ್‌ಗೆ ಹೋಗುವುದು, ಆಕ್ಸಲ್ ಬದಲಿಸುವುದು ಹಾಗಲ್ಲ. ಕಂಪನಿ ಮೊದಲು ಹೇಳಿದ ವಿವರಕ್ಕೂ ಈಗಿನ ಗಾಡಿಗೂ ವ್ಯತ್ಯಾಸ ಬರುವ ಬದಲಾವಣೆಗೆ 1988ರ ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 52 ತಡೆ ಹಾಕುತ್ತದೆ. ಕೆಲಸ ಶುರು ಮಾಡುವ ಮುಂಚೆಯೇ ಮಡಿಕೇರಿ ಆರ್‌ಟಿಒ ಕಚೇರಿಗೆ ನೀವೇ ಹೋಗಿ ಬರವಣಿಗೆಯಲ್ಲಿ ಕೇಳಿ, ಬ್ರೋಕರ್ ಮಾತಿನ ಮೇಲೆ ಬಿಡಬೇಡಿ. ಇನ್ಶೂರೆನ್ಸ್‌ನವರಿಗೂ ತಿಳಿಸಿ. ಎಂಟು ವರ್ಷ ದಾಟಿದ ಲಾರಿಗೆ ಹೇಗೂ ಪ್ರತಿ ವರ್ಷ ಎಫ್‌ಸಿ ಇದೆ, ಬಿಲ್ಲುಗಳನ್ನು ಇಟ್ಟುಕೊಂಡಿರಿ.

ಎಬಿಎಸ್ ನಮ್ಮಲ್ಲಿ ಹೊಸ ಹೆವಿ ಲಾರಿಗಳಿಗೆ 2015ರಲ್ಲಿ ಕಡ್ಡಾಯವಾಯಿತು. ಹಳೆಯದಕ್ಕೆ ಹಾಕಬೇಕಾದರೆ ಪ್ರತಿ ಹಬ್‌ನಲ್ಲಿ ಹಲ್ಲಿನ ಚಕ್ರ, ಸೆನ್ಸರ್, ಏರ್ ಬಿಟ್ಟು ಹಿಡಿಯುವ ವಾಲ್ವು, ಇವನ್ನೆಲ್ಲ ನೋಡಿಕೊಳ್ಳುವ ಕಂಪ್ಯೂಟರ್ ಬೇಕು. ನಮ್ಮ ಊರಿನ ಗ್ಯಾರೇಜಿನಲ್ಲಿ ಮಾಡುವ ಕೆಲಸ ಅಲ್ಲ, ಆ ದುಡ್ಡಿಗೆ ಬೇರೆ ಉಪಯೋಗ ಇದೆ. ಎಬಿಎಸ್ ಚಕ್ರ ಲಾಕ್ ಆಗದಂತೆ ನೋಡಿಕೊಳ್ಳುತ್ತದೆ, ಅದೂ ದೊಡ್ಡ ಉಪಕಾರವೇ, ಆದರೆ ಕಾದ ಡ್ರಮ್ಮನ್ನು ತಣ್ಣಗೆ ಮಾಡುವುದಿಲ್ಲ. ಪೆರುಂಬಾಡಿಯಿಂದ ಕೆಳಗೆ ಇಳಿಯುವ ನಿಮಗೆ ಮೊದಲು ಬೇಕಾದ್ದು ಎಕ್ಸಾಸ್ಟ್ ಬ್ರೇಕ್ ಮತ್ತು ಆಟೋಮ್ಯಾಟಿಕ್ ಅಡ್ಜಸ್ಟರ್.

ಇನ್ನು ಲೋಡಿನ ವಿಷಯ. ಆರ್‌ಸಿಯಲ್ಲಿ ಬರೆದ ತೂಕ ನೋಡಿ ಹಾಕಿ. 2018ರಲ್ಲಿ ಎರಡು ಆಕ್ಸಲ್ ಲಾರಿಯ ಮಿತಿ 16.2 ಟನ್‌ನಿಂದ 18.5 ಟನ್‌ಗೆ ಏರಿತು ಅಂತ ಕೇಳಿ, ಹಳೇ ಲಾರಿಗೂ ಅಷ್ಟು ಹೇರುವವರಿದ್ದಾರೆ. ನಿಮ್ಮ ಡ್ರಮ್ ಮಾಡಿದ್ದು ಹಳೆಯ ತೂಕಕ್ಕೆ. ಮಳೆಗಾಲದಲ್ಲಿ ಜಿಲ್ಲಾಡಳಿತ ಭಾರೀ ವಾಹನಗಳಿಗೆ ನಿರ್ಬಂಧ ಹಾಕುವ ತಿಂಗಳುಗಳಲ್ಲಿ ಲಾರಿ ಸುಮ್ನೆ ನಿಂತಿರುತ್ತದೆ ಅಲ್ವಾ, ಡ್ರಮ್ ಬಿಚ್ಚಿಸಿ ಮೇಲೆ ಹೇಳಿದ್ದನ್ನೆಲ್ಲ ಮಾಡಿಸಲು ಅದೇ ಸರಿಯಾದ ಸಮಯ. ಲೈನರ್, ಹೋಸು, ರಬ್ಬರ್ ಕಿಟ್‌ಗೆ ಮೇ ತಿಂಗಳಲ್ಲೇ ಹೇಳಿಟ್ಟರೆ ಜೂನ್‌ನಲ್ಲಿ ಕಾಯಬೇಕಾಗುವುದಿಲ್ಲ.